ಕ್ಯಾಮೆರಾದ ಪರ ವಾದಿಸಿದವರ ನಿಘಂಟು

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಇಂದು ಹೆಚ್ಚಾಗಿ ಕೇಳಿಸುವುದು ವಿದ್ಯುತ್ ಮಗ್ಗಗಳ ಸದ್ದು. ಕೈಮಗ್ಗದ ನೇಕಾರನ ಕಾಲು ತುಳಿಯುವ, ಕೈ ಲಾಳಿ ಓಡಿಸುವ ಲಯವನ್ನು ಬರೆದು ತಿಳಿಸಲು ಹೊರಟರೆ ಪುಟಗಟ್ಟಲೆ ಬೇಕು. ತೋರಿಸಲು ಎರಡು ನಿಮಿಷದ ಚಿತ್ರ ಸಾಕು. ಆದರೆ ಹಾಸು, ಹೊಕ್ಕು, ಲಾಳಿ ಎಂಬ ಮಾತುಗಳನ್ನು ಚಿತ್ರವೊಂದೇ ಕಾಯಲಾರದು. ಒಂದು ಸಮುದಾಯದ ಬದುಕನ್ನು ದಾಖಲಿಸಬೇಕಾದದ್ದು ಕ್ಯಾಮೆರಾದಲ್ಲೋ, ಪದಗಳಲ್ಲೋ? ಈ ಪ್ರಶ್ನೆಯ ಎರಡೂ ಬದಿಯಲ್ಲಿ ದುಡಿದವರು ಮಾನವಶಾಸ್ತ್ರಜ್ಞ ಪಾಲ್ ಹಾಕಿಂಗ್ಸ್.

ಇಂಗ್ಲೆಂಡ್ ಮೂಲದ ಹಾಕಿಂಗ್ಸ್ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದಿದರು. ನೀಲಗಿರಿಯ ಕೋತರನ್ನು ಅಧ್ಯಯನ ಮಾಡಿದ್ದ ಡೇವಿಡ್ ಮ್ಯಾಂಡೆಲ್‌ಬಾಮ್ ಅಲ್ಲಿ ಪ್ರಾಧ್ಯಾಪಕರಾಗಿದ್ದರು. 1960ರ ದಶಕದ ಆರಂಭದಲ್ಲಿ ಹಾಕಿಂಗ್ಸ್ ಕೂಡ ನೀಲಗಿರಿಗೆ ಬಂದು ಬಡಗರ ನಡುವೆ ಕೆಲಸ ಹಿಡಿದರು. ಮುಂದೆ ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರೂ ಆ ಬೆಟ್ಟದ ನಂಟು ಬಿಡಲಿಲ್ಲ.

ಬಡಗರು ನಮಗೆ ದೂರದವರಲ್ಲ. ಬಡಗ ಎಂದರೆ ಬಡಗಣದಿಂದ, ಅಂದರೆ ಉತ್ತರದಿಂದ ಬಂದವರು. ಅವರ ನುಡಿಯನ್ನು ಕೆಲವರು ಕನ್ನಡದ ಉಪಭಾಷೆ ಎಂದರೆ, ಕೆಲವರು ಕನ್ನಡಕ್ಕೆ ತೀರ ಹತ್ತಿರದ ಬೇರೆ ಭಾಷೆ ಎನ್ನುತ್ತಾರೆ. ಜಮಖಂಡಿ, ಬೀಳಗಿ ಸೀಮೆಯಲ್ಲಿ ಹರಿದು ಹೋಗುವ ಕೃಷ್ಣೆಯ ಕೆಳದಂಡೆಯಲ್ಲಿ 1565ರಲ್ಲಿ ವಿಜಯನಗರ ಸೋತಿತು. ಆ ನಂತರದ ಕ್ಷೋಭೆಯಲ್ಲಿ ಮೈಸೂರು ಸೀಮೆಯ ದಕ್ಷಿಣ ಭಾಗದಿಂದ ಬೆಟ್ಟ ಹತ್ತಿದವರು ಇವರೆಂಬುದು ಹಾಕಿಂಗ್ಸ್ ಅವರ ವಿವರಣೆ. 1603ರಲ್ಲಿ ನೀಲಗಿರಿಗೆ ಹೋದ ಜೆಸ್ಯುಟ್ ಪಾದ್ರಿ ಫೆನಿಸಿಯೊ ಅಲ್ಲಿ ಬಡಗರನ್ನು ಕಂಡಿದ್ದರು. 1980ರಲ್ಲಿ ಬಂದ ಹಾಕಿಂಗ್ಸ್ ಅವರ ಗ್ರಂಥ ಬಡಗರ ನಾಲ್ಕು ಶತಮಾನಗಳ ಸಾಮಾಜಿಕ ಚರಿತ್ರೆಯನ್ನು ಹೇಳುತ್ತದೆ.

ಚಿತ್ರ ಜಗತ್ತು ಅವರನ್ನು ನೆನೆಯುವುದು ಬೇರೆ ಕಾರಣಕ್ಕೆ. ಐರ್ಲೆಂಡಿನ ಕೆರಿ ಪ್ರಾಂತ್ಯದ ಡನ್‌ಕ್ವಿನ್ ಎಂಬ ಐರಿಷ್ ನುಡಿಯ ಹಳ್ಳಿಯನ್ನು ಕುರಿತು ಮಾರ್ಕ್ ಮೆಕಾರ್ಟಿ ಜೊತೆ ಅವರು ಮಾಡಿದ ‘ದಿ ವಿಲೇಜ್’ 1968ರಲ್ಲಿ ಬಂತು. ಜನರಿಗೆ ಅಪ್ಪಣೆ ಕೊಡದೆ ತಾಳ್ಮೆಯಿಂದ ನೋಡುವ ಚಿತ್ರಶೈಲಿಯ ಮೊದಲ ಫಸಲುಗಳಲ್ಲಿ ಅದೂ ಒಂದು. 1973ರಲ್ಲಿ ಶಿಕಾಗೋದಲ್ಲಿ ಅಂತರರಾಷ್ಟ್ರೀಯ ಮಾನವಶಾಸ್ತ್ರ ಸಮ್ಮೇಳನ ನಡೆಯಿತು. ಅಲ್ಲಿನ ಚರ್ಚೆಗಳಿಂದ ಹುಟ್ಟಿ, ಹಾಕಿಂಗ್ಸ್ ಸಂಪಾದಕತ್ವದಲ್ಲಿ 1975ರಲ್ಲಿ ಪ್ರಕಟವಾದ ‘ಪ್ರಿನ್ಸಿಪಲ್ಸ್ ಆಫ್ ವಿಷುವಲ್ ಆಂಥ್ರೊಪಾಲಜಿ’ ಈ ಶಾಖೆಗೆ ಬುನಾದಿ ಹಾಕಿತು. 1930ರ ದಶಕದಲ್ಲೇ ಬಾಲಿ ದ್ವೀಪದಲ್ಲಿ ಕ್ಯಾಮೆರಾ ಹಿಡಿದು ಕೆಲಸ ಮಾಡಿದ್ದ ಮಾರ್ಗರೆಟ್ ಮೀಡ್ ಅದಕ್ಕೆ ಪೀಠಿಕೆ ಬರೆದರು. ಆಚರಣೆಗಳು ಕಣ್ಣೆದುರೇ ಅಳಿಯುತ್ತಿರುವಾಗ ವಿದ್ವಾಂಸರು ಟಿಪ್ಪಣಿ ಪುಸ್ತಕವನ್ನೇ ನೆಚ್ಚಿ ಕೂತಿದ್ದಾರೆಂಬುದು ಆಕೆಯ ತಕರಾರು.

ಆ ತಕರಾರಿಗೆ ವೇದಿಕೆ ಕೊಟ್ಟ ಹಾಕಿಂಗ್ಸ್ ಬಡಗರ ವಿಷಯದಲ್ಲಿ ಮಾತ್ರ ಬೆವರು ಹರಿಸಿದ್ದು ಪದಗಳಿಗಾಗಿ. 1988ರಲ್ಲಿ ಬಡಗರ ಗಾದೆ, ಪ್ರಾರ್ಥನೆ, ಶಕುನ, ಶಾಪಗಳ ಸಂಗ್ರಹ ಹೊರಬಂತು. 1992ರಲ್ಲಿ ಕ್ರಿಸ್ಟಿಯಾನ್ ಪಿಲೊ-ರೈಚೂರ್ ಜೊತೆ ಬಡಗ-ಇಂಗ್ಲಿಷ್ ನಿಘಂಟು ಬಂತು.

ಇದು ವಿರೋಧಾಭಾಸವಲ್ಲ. ಹಬ್ಬದ ಕುಣಿತವನ್ನು ಚಿತ್ರ ಹಿಡಿಯಬಲ್ಲದು. ಅಜ್ಜಿಯ ಗಾದೆ ಯಾವ ಹೊತ್ತಿಗೆ ಯಾರನ್ನು ಚುಚ್ಚುತ್ತದೆ ಎಂಬುದಕ್ಕೆ ಆ ನುಡಿ ಬಲ್ಲವರ ವಿವರಣೆಯೇ ಬೇಕು. ಇಂದು ಬನಹಟ್ಟಿಯ ಹುಡುಗರ ಕೈಯಲ್ಲೂ ಕ್ಯಾಮೆರಾ ಇದೆ. ಮುಧೋಳ ಸೀಮೆಯ ಪಾರಿಜಾತದ ಆಟವನ್ನೋ ಮುದುಕ ನೇಕಾರರ ಕೈಚಳಕವನ್ನೋ ಚಿತ್ರೀಕರಿಸುವುದು ಈಗ ಕಷ್ಟವಲ್ಲ. ಚಿತ್ರೀಕರಿಸಿದ ಮೇಲೆ ಅವರ ಪಕ್ಕ ಕೂತು, ಒಂದೊಂದು ಕೀಲಿಗೂ ಒಂದೊಂದು ಗಂಟಿಗೂ ಏನು ಹೆಸರೆಂದು ಕೇಳಿ ಬರೆದುಕೊಳ್ಳುವುದು ಉಳಿದ ಅರ್ಧ ಕೆಲಸ. ಆ ಹೆಸರು ಬಲ್ಲವರು ಇರುವಾಗಲೇ ಅದು ಆಗಬೇಕು.