ಪಾಂಡು, ಲಲ್ಲಿ, ಮಲ್ಯಾ: ಕುಟುಂಬ ಹಾಸ್ಯದ ಹೆಸರುಗಳ ಚರಿತ್ರೆಗೆ ಒಂದು ಟಿಪ್ಪಣಿ

ಈ ಶತಮಾನದ ಮೊದಲ ದಶಕದಲ್ಲಿ ಈಟಿವಿ ಕನ್ನಡ ವಾಹಿನಿಯಲ್ಲಿ ಪ್ರಸಾರವಾದ ‘ಪಾಪ ಪಾಂಡು’ ಮತ್ತು ‘ಸಿಲ್ಲಿ ಲಲ್ಲಿ’ ಕನ್ನಡದ ಕುಟುಂಬ ಹಾಸ್ಯ ಧಾರಾವಾಹಿಗೆ ಒಂದು ಸ್ಥಿರವಾದ ರೂಪವನ್ನು ಕೊಟ್ಟವು. ವರ್ಷಗಳ ತರುವಾಯ ಇವೆರಡೂ ಕಲರ್ಸ್ ಸೂಪರ್ ವಾಹಿನಿಯಲ್ಲಿ ಮರಳಿ ಬಂದಾಗ ಶೀರ್ಷಿಕೆಯ ಹೆಸರುಗಳು ಹಾಗೆಯೇ ಉಳಿದವು. ಈ ಹೆಸರುಗಳನ್ನು ಬರಹಗಾರರ ಚಮತ್ಕಾರವೆಂದು ತಿಳಿಯುವುದು ರೂಢಿ. ಅವು ಹಳೆಯ ಮೈಸೂರು ಸೀಮೆಯ ಮನೆಗಳ ಕರೆಹೆಸರಿನ ಅಚ್ಚಿನಿಂದ ಬಂದವು ಎಂಬುದು ನಮ್ಮ ವಾದ. ಆ ಅಚ್ಚು ಯಾವುದನ್ನು ಹೊರಗಿಟ್ಟಿತು ಎಂಬುದು ಅಂದೋಲಾದ ಕಡೆಯಿಂದ ನೋಡಿದಾಗ ಹೆಚ್ಚು ಸ್ಪಷ್ಟವಾಗುತ್ತದೆ.

ಮೊದಲು ಛಂದಸ್ಸನ್ನು ಗಮನಿಸೋಣ. ಪಾಪ, ಪಾಂಡು, ಸಿಲ್ಲಿ, ಲಲ್ಲಿ ಈ ನಾಲ್ಕೂ ಪದಗಳು ಗುರುವಿನ ಮುಂದೆ ಲಘು ಬಂದ ಮೂರು ಮಾತ್ರೆಯ ಘಟಕಗಳು. ಪುಟ್ಟು, ಕಿಟ್ಟಿ, ನಾಣಿ, ಸುಬ್ಬು, ವೆಂಕಿ, ಲಚ್ಚಿ ಇವುಗಳದ್ದೂ ಅದೇ ಅಳತೆ. ಪೂರ್ಣ ನಾಮದ ಮೊದಲ ಭಾಗವನ್ನು ಉಳಿಸಿಕೊಂಡು, ಮೊದಲ ಅಕ್ಷರ ಗುರುವಾಗುವಂತೆ ಬೇಕಾದಲ್ಲಿ ದ್ವಿತ್ವವನ್ನು ತಂದು, ಕೊನೆಗೆ ಇಕಾರವನ್ನೋ ಉಕಾರವನ್ನೋ ಸೇರಿಸುವುದು ಇಲ್ಲಿನ ಕ್ರಮ. ಲಲಿತಾ ಲಲ್ಲಿಯಾಗುವುದು ಹೀಗೆ. ಲಕ್ಷ್ಮಿ ಲಚ್ಚಿಯಾಗುವಲ್ಲಿ ಪ್ರಾಕೃತದ ಹಳೆಯ ದಾರಿಯೇ ಇದೆ. ಕೇಶಿರಾಜನ ಅಪಭ್ರಂಶ ಪ್ರಕರಣವನ್ನು ಓದಿದವರಿಗೆ ಇದು ಹೊಸದಲ್ಲ. ‘ಸಿಲ್ಲಿ’ಯ ಸಂಗತಿ ಇನ್ನೂ ಸ್ವಾರಸ್ಯಕರ. ಇಂಗ್ಲಿಷಿನ ಕಾಗುಣಿತದಲ್ಲಿ ಎರಡು ಲಕಾರಗಳಿದ್ದರೂ ಉಚ್ಚಾರದಲ್ಲಿ ದ್ವಿತ್ವವಿಲ್ಲ. ಕನ್ನಡದ ಬಾಯಿ ಅದಕ್ಕೆ ದ್ವಿತ್ವವನ್ನು ಕೊಟ್ಟುಕೊಂಡಿತು. ಕೊಟ್ಟೊಡನೆ ಪರಕೀಯ ವಿಶೇಷಣವೊಂದು ಲಲ್ಲಿಗೆ ಪ್ರಾಸಬದ್ಧ ಜೊತೆಗಾತಿಯಾಯಿತು.

ಮನೆಯೊಳಗಿನ ಈ ಕರೆಹೆಸರನ್ನು ರಂಗದ ಮೇಲೆ ಗಟ್ಟಿಯಾಗಿ ನಿಲ್ಲಿಸಿದವರು ಟಿ.ಪಿ. ಕೈಲಾಸಂ. 1918ರ ಸುಮಾರಿನ ‘ಟೊಳ್ಳುಗಟ್ಟಿ’ಯ ಅಣ್ಣತಮ್ಮಂದಿರು ಪುಟ್ಟು ಮತ್ತು ಮಾಧು, ಮುಂದೆ ‘ಪೋಲಿ ಕಿಟ್ಟಿ’ಯಲ್ಲಿ ಕರೆಹೆಸರು ಶೀರ್ಷಿಕೆಗೇ ಏರಿತು. ‘ಬಂಡ್ವಾಳ್ವಿಲ್ಲದ ಬಡಾಯಿ’ಯ ಅಹೋಬ್ಲು ಈ ಅಳತೆಗೆ ಒಗ್ಗುವುದಿಲ್ಲ. ಬಡಾಯಿಗಾರನ ಹೆಸರು ಮೂರು ಮಾತ್ರೆಗೆ ಇಳಿಯದೆ ನಾಲ್ಕರಲ್ಲೇ ನಿಂತಿರುವುದು ಉಚಿತವೆಂದೇ ನಮಗೆ ಕಾಣುತ್ತದೆ. ಸಮಕಾಲೀನರ ಮಾತನ್ನು ಹಾಗೆಯೇ ರಂಗಕ್ಕೆ ತಂದ ಕೈಲಾಸಂ ಹೆಸರನ್ನೂ ಮಾತಿನ ಭಾಗವಾಗಿಯೇ ತಂದರು. ದೂರದರ್ಶನದ ಕಾಲಕ್ಕೆ ಈ ಅಚ್ಚು ಸಿದ್ಧವಾಗಿಯೇ ದೊರೆಯಿತು.

ಮೊಟಕು ಹೆಸರು ಯಾರ ಪಾಲಿಗೆ ಬರುತ್ತದೆ ಎಂಬುದು ಹಾಸ್ಯದ ಯಂತ್ರದ ಮುಖ್ಯ ತಿರುಗಣೆ. ‘ಪಾಪ ಪಾಂಡು’ವಿನಲ್ಲಿ ಗಂಡನ ಹೆಸರು ಎರಡಕ್ಷರಕ್ಕೆ ಇಳಿದಿದೆ, ಹೆಂಡತಿಯ ಹೆಸರು ‘ಶ್ರೀಮತಿ’. ವಿವಾಹಿತೆಯ ಗೌರವಸೂಚಕವೇ ಅಂಕಿತನಾಮವಾದುದರಿಂದ ಆಕೆಯನ್ನು ಬೈಯುವುದಕ್ಕೂ ಗೌರವದ ಪದವನ್ನೇ ಬಳಸಬೇಕಾಗುತ್ತದೆ. ಲಲ್ಲಿ ತನ್ನನ್ನು ಸಮಾಜ ಸೇವಕಿ ಲಲಿತಾಂಬ ಎಂದು ಪರಿಚಯಿಸಿಕೊಳ್ಳುವಾಗ, ಶೀರ್ಷಿಕೆ ಕಸಿದುಕೊಂಡ ಎರಡಕ್ಷರಗಳನ್ನು ವಾಪಸು ಕೇಳುತ್ತಿದ್ದಾಳೆ. ಅದೇ ಧಾರಾವಾಹಿಯ ವೈದ್ಯ ವಿಠಲ ರಾವ್‌ಗೆ ಮಾತ್ರ ಪದವಿ, ಹೆಸರು, ‘ರಾವ್’ ಮೂರೂ ದಕ್ಕಿವೆ. ಅನ್ಯತ್ರವೂ ಇಂಥ ಉದಾಹರಣೆಗಳುಂಟು. 1951ರಲ್ಲಿ ಆರಂಭವಾದ ‘ಐ ಲವ್ ಲೂಸಿ’ಯ ಲೂಸಿ, ನಟಿ ಲೂಸಿಲ್ ಬಾಲ್ ಅವರ ಸ್ವಂತ ಹೆಸರಿನ ಮೊಟಕು. 1984ರ ‘ಹಮ್ ಲೋಗ್’ ಹಾಸ್ಯ ಧಾರಾವಾಹಿಯಲ್ಲದಿದ್ದರೂ ಅದರ ಹೆಣ್ಣುಮಕ್ಕಳನ್ನು ದೇಶವೆಲ್ಲ ಅರಿತದ್ದು ಬಡ್ಕಿ, ಮಝ್ಲಿ, ಛುಟ್ಕಿ ಎಂಬ ಹುಟ್ಟಿನ ಸರದಿಯ ಹೆಸರುಗಳಿಂದ.

ಈಗ ಭೀಮಾ ನದಿಯ ಕಡೆಗೆ ಬರೋಣ. ಪಾಂಡು ಎಂಬುದರ ಹಿಂದೆ ಮನೆಮಾತಿನಲ್ಲಿ ನಿಲ್ಲುವ ಪೂರ್ಣ ನಾಮ ಪಾಂಡುರಂಗ. ಪಾಂಡುರಂಗ, ವಿಠಲ ಎರಡೂ ಪಂಢರಪುರದ ಒಬ್ಬನೇ ದೇವರ ಹೆಸರು. ಮುಂದೆ ಜೀ ಕನ್ನಡದ ಹಾಸ್ಯ ಧಾರಾವಾಹಿಯೊಂದು ‘ಪಾಂಡುರಂಗ ವಿಠಲ’ ಎಂದು ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿತು. ಪಂಢರಪುರವನ್ನು ದಾಟಿದ ಭೀಮೆ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅಂಚಿಗೆ ಹರಿಯುತ್ತದೆ. ಬೆಂಗಳೂರಿನ ಧಾರಾವಾಹಿಗಳ ಎರಡು ಪ್ರಸಿದ್ಧ ಹೆಸರುಗಳು ಹೀಗೆ ಈ ನದಿಯವು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ತಾಲ್ಲೂಕಿಗೇ ಹೆಸರು ಕೊಟ್ಟಿದ್ದ ಅಂದೋಲಾ ಈಗ ಜೇವರ್ಗಿ ತಾಲ್ಲೂಕಿನ ಒಂದು ಊರು. ಸುತ್ತಲಿನ ಹೆಸರುಗಳು ಕ್ಷೇತ್ರಗಳನ್ನು ಹಿಂಬಾಲಿಸುತ್ತವೆ. ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರಿಂದ ಶರಣಪ್ಪ, ಶರಣಬಸಪ್ಪ. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತಾತ್ರೇಯನಿಂದ ದತ್ತು. ಆಳಂದದ ಲಾಡ್ಲೆ ಮಶಾಯಕರ ದರ್ಗಾದಿಂದ ಲಾಡ್ಲೆಸಾಬ್. ಲಾಡ್ಲೆ ಎಂದರೆ ಮುದ್ದಿನವನು. ಮುದ್ದಿನ ಪದವೊಂದು ಸೂಫಿಯ ಹೆಸರಾಗಿ, ಭಕ್ತರ ಮಕ್ಕಳ ದಾಖಲೆಯ ಹೆಸರೂ ಆಯಿತು.

ದತ್ತು, ಪಾಂಡು ಎಂಬ ರೂಪಗಳಲ್ಲಿ ಮೈಸೂರಿಗೂ ಅಂದೋಲಾಕ್ಕೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಮಲ್ಲಪ್ಪ, ಮಲ್ಲು, ಮಲ್ಯಾ ಎಂಬ ಮೆಟ್ಟಿಲುಗಳಲ್ಲಿ. ಇಲ್ಲಿ ಇಕಾರದ ಮೊಟಕು ಹೆಚ್ಚಾಗಿ ಹೆಣ್ಣಿನದು: ಮಲ್ಲಿ, ಬಸ್ಸಿ, ಗಂಗಿ. ಗಂಡಿಗೆ ‘ಯಾ’: ಮಲ್ಯಾ, ಬಸ್ಯಾ, ಸಿದ್ಯಾ. ನೆರೆಯ ಮರಾಠಿಯಲ್ಲಿಯೂ ಗಣ್ಯಾ, ರಾಮ್ಯಾ ಎಂಬ ಸಮಾನ ರೂಪಗಳಿವೆ. ಕಿಟ್ಟಿ, ನಾಣಿಗಳು ಗಂಡಸರೆಂಬುದನ್ನು ಅಂದೋಲಾದ ಕಿವಿ ಕಲಿತುಕೊಳ್ಳಬೇಕು. ಮಲ್ಯಾದಲ್ಲಿ ಎರಡೂ ಅಕ್ಷರ ಗುರು; ನಾಲ್ಕು ಮಾತ್ರೆ. ಆದರೆ ಅದನ್ನು ಶೀರ್ಷಿಕೆಯಿಂದ ದೂರವಿಟ್ಟದ್ದು ಛಂದಸ್ಸಲ್ಲ. ತಾಯಿ ‘ಏ ಮಲ್ಯಾ’ ಎಂದರೆ ಅದು ಅಕ್ಕರೆ, ಗೆಳೆಯ ಎಂದರೆ ಸಲಿಗೆ. ಹೊಲದ ಒಡೆಯ ಎಂದರೆ ಅದು ಜಾತಿ. ದುಡಿಯುವ ಜಾತಿಗಳವನಿಗೆ ‘ಅಪ್ಪ’ ಎಂಬ ಗೌರವವನ್ನು ನಿರಾಕರಿಸಿ, ಬಿಳಿಗೂದಲು ಬಂದ ಮೇಲೂ ‘ಯಾ’ದಲ್ಲೇ ಉಳಿಸಿದ್ದು ಈ ಸೀಮೆಯ ಸಾಮಾಜಿಕ ಚರಿತ್ರೆ. ಪಾಂಡುವನ್ನು ಪಾಂಡುರಂಗನಾಗಿ ಹಿಗ್ಗಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮಲ್ಯಾ ಮಲ್ಲಪ್ಪನಾಗಲು ಬೇಕಿತ್ತು.

ಮೇಲೆ ಚರ್ಚಿಸಿದ ಶೀರ್ಷಿಕೆಗಳಲ್ಲಿ ‘ಯಾ’ ರೂಪ ಒಂದೂ ಇಲ್ಲ. ಧ್ವನಿನಿಯಮಗಳನ್ನಷ್ಟೇ ಪಟ್ಟಿಮಾಡುವ ಅಧ್ಯಯನವು ಇದನ್ನು ಪ್ರಾದೇಶಿಕ ಭೇದವೆಂದು ದಾಖಲಿಸಿ ಮುಗಿಸುತ್ತದೆ. ಮೊಟಕು ಹೆಸರಿನ ಎದುರು ಅದರ ಪೂರ್ಣ ರೂಪವನ್ನು ಬರೆದುಕೊಳ್ಳುವಂತೆ, ಕರೆದವರು ಯಾರು, ಕರೆಸಿಕೊಂಡವರ ವಯಸ್ಸೆಷ್ಟು ಎಂಬುದನ್ನೂ ಬರೆದುಕೊಂಡರೆ ಮಾತ್ರ ಮಲ್ಲು ಮತ್ತು ಮಲ್ಯಾ ಎರಡು ಬೇರೆ ಪದಗಳೆಂದು ಕಾಣುತ್ತವೆ.