ಹಿಕ್ಕೆ ಬಿದ್ದ ಹೊಲ ಯಾರದು?

ದನ ಕುರಿಗಳನ್ನು ಒಂದೇ ಕಡೆ ಬಿಡಬಾರದು, ದಿನಕ್ಕೊಂದು ತುಂಡು ನೆಲದಲ್ಲಿ ಮೇಯಿಸಬೇಕು, ಮೇಯ್ದ ನೆಲಕ್ಕೆ ಬಿಡುವು ಕೊಡಬೇಕು, ಆಗ ಸತ್ತ ಮಣ್ಣೂ ಬದುಕುತ್ತದೆ. ಇದನ್ನು ಈಗ ಹೊಸ ವಿಜ್ಞಾನ ಅಂತ ನಮಗೆ ಹೇಳಿಕೊಡುತ್ತಿದ್ದಾರೆ. ಸುಳ್ಳೇನಲ್ಲ. ದನ ನಾಲಿಗೆ ಸುತ್ತಿ ಎತ್ತರದ ಹುಲ್ಲು ಕೀಳುತ್ತದೆ. ಹಿಂದೆಯೇ ಬರುವ ಕುರಿ ಗಿಡ್ಡ ಹುಲ್ಲು, ಕಳೆ ಆಯ್ದು ತಿನ್ನುತ್ತದೆ. ಗೊರಸು ಮಣ್ಣಿನ ಹೆಪ್ಪು ಒಡೆಯುತ್ತದೆ, ಸಗಣಿ ಗಂಜಲ ಅಲ್ಲೇ ಬೀಳುತ್ತದೆ. ಚಿಗುರು ಬಲಿಯುವ ಮೊದಲೇ ಮತ್ತೆ ಮೇಯಿಸಿದರೆ ಬೇರಿನ ಕಸುವು ಬತ್ತಿ ಹುಲ್ಲು ಸಾಯುತ್ತದೆ. ಇಷ್ಟು ದನ ಕಾಯೋ ಹುಡುಗನಿಗೂ ಗೊತ್ತು. ನಾವು ಕೇಳೋದು ಬೇರೆ: ಮೇಯಿಸಿದವರು ಯಾರು, ನೆಲ ಯಾರದಾಗಿತ್ತು?

ಮೈಸೂರಿನ ಚಿಕ್ಕದೇವರಾಜ ಒಡೆಯ (1673–1704) ಅರಮನೆಗೆ ಹಾಲು ಬೆಣ್ಣೆ ಕೊಡುವ ದನಗಳಿಗಾಗಿ 'ಬೆಣ್ಣೆ ಚಾವಡಿ' ಕಟ್ಟಿ ಕಾವಲುಗಳನ್ನು ಬಿಡಿಸಿದ. ಹೈದರ್ ಆ ತಳಿಯನ್ನು ಯುದ್ಧಕ್ಕೆ ತಿರುಗಿಸಿದ. ಟಿಪ್ಪು 'ಅಮೃತ್ ಮಹಲ್' ಅಂತ ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಎತ್ತುಗಳೂ ಇಂಗ್ಲಿಷರ ಪಾಲಾದವು. 1860ರಲ್ಲಿ ಖರ್ಚು ಉಳಿಸಲು ಹಿಂಡು ಮಾರಿ, 1866ರಲ್ಲಿ ಮತ್ತೆ ಕಟ್ಟಿದರು. ಈ ಕಾವಲುಗಳಲ್ಲಿ ಮೂರು ಬಗೆ: ಬೇಸಿಗೆಯವು, ಮಳೆಗಾಲದವು, ಚಳಿಗಾಲದವು. ನೀರು ನೆರಳು ಇದ್ದ ಕಾವಲನ್ನು ಬೇಸಿಗೆಗೆ ಕಾಯ್ದಿಡುತ್ತಿದ್ದರು. ಹಿಂಡು ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು, ಬಿಟ್ಟು ಬಂದ ನೆಲ ಸುಧಾರಿಸಿಕೊಳ್ಳುತ್ತಿತ್ತು. ಇವತ್ತಿನ ಹೊಸ ಪದ್ಧತಿಯ ಎಲುಬು ಇದೇ ತಾನೆ? ಆದರೆ ಅದು ಅರಸನ ದನ, ಅರಸನ ಹುಲ್ಲು.

ಸಣ್ಣ ಹಿಡುವಳಿಗೆ ಇದ್ದದ್ದು ಕುರಿ ಮಂದೆ. ಸುಗ್ಗಿ ಮುಗಿದ ಮೇಲೆ ಕುರುಬರು ಮಂದೆ ಹೊಡೆದುಕೊಂಡು ಬರುತ್ತಾರೆ. ಕುರಿ ಹಗಲು ಕೂಳೆ ಮೇಯುತ್ತವೆ. ರಾತ್ರಿ ಹೊಲದಲ್ಲೇ ತರುಬುತ್ತಾರೆ, ಇವತ್ತು ಈ ಮೂಲೆ, ನಾಳೆ ಆ ಮೂಲೆ. ಹೊತ್ತು ಹಾಕುವ ಕೆಲಸವಿಲ್ಲ, ಹಿಕ್ಕೆ ಗಂಜಲ ನೇರ ಮಣ್ಣಿಗೆ. ಹೊಲದವನು ಕಾಳೋ ಕಾಸೋ ಕೊಡುತ್ತಾನೆ. ಎಷ್ಟು ಚೆಂದದ ಕರಾರು! ಮಂದೆ ನಿಲ್ಲಿಸಿಕೊಳ್ಳೋಕೆ ಹೊಲ ಬೇಕಲ್ಲ? ನಮ್ಮ ಹೊಲಗೇರಿಗೆ ಹೊಲ ಇದ್ದದ್ದು ಹೆಸರಲ್ಲಿ ಮಾತ್ರ.

ನಮ್ಮ ಅಪ್ಪಂದಿರು ಗೌಡನ ದನ ಕಾಯ್ದರು; ಕೊಟ್ಟಿಗೆ ಗೊಬ್ಬರ ಹೊತ್ತು ಗೌಡನ ಹೊಲಕ್ಕೇ ಸುರಿದರು. ದನ ಸತ್ತರೆ ಹೊತ್ತವರೂ ಅವರೇ. ಆ ತೊಗಲು ಹದಮಾಡಿ ಹೊಲೆದ ಕಪಿಲೆ ಬಾನಿ ನೀರೆತ್ತಿದ್ದೂ ಗೌಡನ ತೋಟಕ್ಕೆ. ಜೀತ ರದ್ದತಿ ಕಾನೂನು ಬಂದದ್ದು 1976ರಲ್ಲಿ. (1973ರಲ್ಲಿ ಬಸವಲಿಂಗಪ್ಪನವರು 'ಬೂಸಾ' ಅಂದಾಗ ಬೀದಿಗಿಳಿದವರು ಬಹಳ, ನಿಜವಾದ ಬೂಸಾ ಕಲಸಿ ದನದ ಮುಂದಿಟ್ಟ ಕೈ ಯಾರದು ಅಂತ ಕೇಳಿದವರು ಕಡಿಮೆ.)

1966ರ ಭೂಕಂದಾಯ ನಿಯಮಗಳಲ್ಲಿ 97ನೆಯದು ಹೇಳುತ್ತದೆ: ಊರಿನ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಬಿಡಬೇಕು. ಒಳ್ಳೆಯ ನಿಯಮವೇ. ಎರಡೆಕರೆಯವನು ತನ್ನ ನೆಲಕ್ಕೆ ಬಿಡುವು ಕೊಡಬೇಕಾದರೆ ಆ ದಿನಗಳಲ್ಲಿ ದನ ಬೇರೆಲ್ಲಾದರೂ ಮೇಯಬೇಕು. ಹೊಲವೇ ಇಲ್ಲದವಳ ನಾಲ್ಕು ಕುರಿಗಂತೂ ಅದೊಂದೇ ದಿಕ್ಕು. ಗೋಮಾಳ ಹೋದರೆ ಹೊಸ ವಿಜ್ಞಾನವೆಲ್ಲ ನೂರೆಕರೆಯವನ ಪಾಲಿಗೆ.

ಬಗರ್‌ಹುಕುಂ ಉತ್ತು ಅರ್ಜಿ ಹಾಕಿದ ದಲಿತನಿಗೆ ಈ ನಿಯಮವನ್ನೇ ಅಡ್ಡ ಹಿಡಿಯುತ್ತಾರೆ: ದನಗಳಿಗೆ ಜಾಗ ಸಾಲದು! ಚಳ್ಳಕೆರೆ ತಾಲೂಕಿನ ಕುದಾಪುರ, ದೊಡ್ಡ ಉಳ್ಳಾರ್ತಿ ಕಡೆ 2007ರಿಂದ 2010ರೊಳಗೆ ಸುಮಾರು 10,000 ಎಕರೆ ಕಾವಲು ಭೂಮಿಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶದ ಸಂಸ್ಥೆಗಳಿಗೂ ಇತರರಿಗೂ ಕೊಟ್ಟಾಗ ದನದ ಲೆಕ್ಕ ಅಡ್ಡ ಬರಲಿಲ್ಲ. ಫಿರಂಗಿ ಎಳೆಯುವ ಎತ್ತಿಗೆ ಬಿಟ್ಟ ನೆಲದ ಮೇಲೆ ಈಗ ಸೈನ್ಯದ ಚಾಲಕರಿಲ್ಲದ ವಿಮಾನ ಹಾರಿಸಿ ನೋಡುತ್ತಾರೆ. ಕಂಬಳಿ ನೇಯುವ ಸೀಮೆಯ ಕುರಿ ಗೋಡೆಯ ಹೊರಗೆ ನಿಂತಿವೆ. ಊರವರು ಹಸಿರು ನ್ಯಾಯಮಂಡಳಿಯ ತನಕ ಹೋದರು.

ಉಳುವ ನೆಲವೂ ಬೇಕು, ಮೇಯುವ ನೆಲವೂ ಬೇಕು ಅಂತೀವಿ ನಾವು. ಕುರುಬನನ್ನೂ ಹೊಲೆಯನನ್ನೂ ಒಂದೇ ತುಂಡಿಗೆ ಜಗಳಕ್ಕೆ ಬಿಟ್ಟವರ ಬೇಲಿ ಎಲ್ಲಿಂದ ಎಲ್ಲಿಗಿದೆ? ಗೆಳೆಯರೇ, ನಿಮ್ಮೂರಿನ ಗೋಮಾಳದ ಸರ್ವೆ ನಂಬರು, ಜಾನುವಾರು ಗಣತಿ ಎರಡನ್ನೂ ತೆಗೆಸಿ. ನೂರಕ್ಕೆ ಮೂವತ್ತು ಎಕರೆ ಉಳಿದಿದೆಯೋ, ಒತ್ತಿಕೊಂಡವರು ಯಾರೋ, ಅಳೆದು ನೋಡಿ ನಮಗೆ ಬರೆಯಿರಿ.