ನೋವು ತೊರೆದ ಕೈಗಳು



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆಯಲ್ಲಿ ನನ್ನಿಂದ ಪಾಠ ಕೇಳಿದವರಲ್ಲಿ ಬಹುಮಂದಿ ಈಗ ಐವತ್ತನ್ನು ದಾಟಿದ್ದೀರಿ. ಮೊದಲೆಲ್ಲ ಭೇಟಿಯಾದಾಗ ಮಳೆ ಬೆಳೆಗಳ, ಮಕ್ಕಳ ಓದಿನ ವಿಚಾರ ಬರುತ್ತಿತ್ತು. ಈಗ ಅವಕ್ಕೂ ಮುನ್ನ 'ಶುಗರ್ ಎಷ್ಟಿದೆ ಸಾರ್' ಎಂಬ ಪ್ರಶ್ನೆ ಬರುತ್ತದೆ. ಅದರ ಬೆನ್ನಿಗೇ ದನಿ ತಗ್ಗಿಸಿ ಇನ್ನೊಂದು ಮಾತು: ಬೆರಳು ಜೋಮು ಹಿಡಿಯುತ್ತವೆ, ಅಂಗೈ ಒಣಗಿ ಸೀಳು ಬಿಡುತ್ತದೆ, ರಾತ್ರಿಯಾದರೆ ಉರಿ. ಸಕ್ಕರೆಯ ಅಂಕಿಯನ್ನು ಗಟ್ಟಿಯಾಗಿ ಹೇಳುವವರು ಕೈಯ ಜೋಮನ್ನು ಮಾತ್ರ ಪಿಸುಮಾತಿನಲ್ಲಿ ಹೇಳುವುದೇಕೆ? ಚಿಕಿತ್ಸೆಯ ವಿಚಾರ ವೈದ್ಯರಿಗೆ ಸೇರಿದ್ದು. ಆದರೆ ಈ ಪಿಸುಮಾತಿಗೆ ಒಂದು ಚರಿತ್ರೆಯಿದೆ. ಅದು ಚರಿತ್ರೆಯ ಮೇಷ್ಟರಿಗೆ ಸೇರಿದ್ದು. ಹಲವು ವರ್ಷಗಳಿಂದ ನಾನೂ ಮಧುಮೇಹಿಯೇ ಆಗಿರುವುದರಿಂದ ಈ ಚರಿತ್ರೆಯನ್ನು ತುಸು ಆಸಕ್ತಿಯಿಂದಲೇ ಓದಿಕೊಂಡಿದ್ದೇನೆ.

ಸಕ್ಕರೆ ಕಾಯಿಲೆಗೂ ಕೈಕಾಲುಗಳ ಜೋಮಿಗೂ ಇರುವ ನಂಟು ಹೊಸದಾಗಿ ಕಂಡದ್ದಲ್ಲ. ಚರಕಸಂಹಿತೆಯು ಪ್ರಮೇಹದ ಮುನ್ಸೂಚನೆಗಳನ್ನು ಪಟ್ಟಿಮಾಡುವಾಗ, ದೇಹಕ್ಕೂ ಮೂತ್ರಕ್ಕೂ ಇರುವೆ ಮುತ್ತುವುದರ ಜೊತೆಗೆ ಕೈಕಾಲುಗಳು ಮರಗಟ್ಟುವುದನ್ನೂ ಉರಿಯುವುದನ್ನೂ ಹೇಳುತ್ತದೆ. ನಮ್ಮ ಹಿರಿಯರ ಬಾಯಲ್ಲಿ ಉಳಿದುಬಂದದ್ದು ಇರುವೆಯ ಲಕ್ಷಣವೊಂದೇ. ಜೋಮಿನ ಲಕ್ಷಣವನ್ನು ಅವರು ಈ ರೋಗದೊಡನೆ ಸೇರಿಸಿ ಹೇಳಿದ್ದನ್ನು ನಾನು ಕೇಳಿಲ್ಲ. ಯುರೋಪಿನಲ್ಲಿಯೂ ಈ ತಿಳಿವಳಿಕೆ ನೇರ ದಾರಿಯಲ್ಲಿ ಬರಲಿಲ್ಲ. ನರಗಳ ದೋಷದಿಂದ ಮಧುಮೇಹ ಹುಟ್ಟುತ್ತದೆ ಎಂಬ ಎಣಿಕೆ ಅಲ್ಲಿತ್ತು. 1864ರಲ್ಲಿ ಫ್ರಾನ್ಸಿನ ಮಾರ್ಷಲ್ ದ ಕಾಲ್ವಿ ಎಂಬ ವೈದ್ಯ ಅದನ್ನು ತಿರುಗಿಸಿ, ಮಧುಮೇಹವೇ ನರಗಳನ್ನು ಕೆಡಿಸುತ್ತದೆ ಎಂದು ಹೇಳಿದ. 1885ರಲ್ಲಿ ಲಂಡನ್ನಿನ ಫ್ರೆಡರಿಕ್ ಪೇವಿ, ಮಧುಮೇಹಿಗಳನ್ನು ರಾತ್ರಿಯ ಹೊತ್ತು ಕಾಡುವ ನೋವನ್ನು ವಿವರಿಸಿದ. ನಿಮ್ಮಲ್ಲಿ ಕೆಲವರು ನನಗೆ ಹೇಳಿದ ರಾತ್ರಿಯ ಉರಿಯೇ ಅದು.

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಕೈಗೆ ಬಂದಿತು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಅದನ್ನು ಮೊದಲು ಚುಚ್ಚಿದರು. ಅಲ್ಲಿಯವರೆಗೆ ಎಳವೆಯಲ್ಲಿ ಈ ರೋಗ ಬಂದವರು ಬಹುಕಾಲ ಬದುಕುತ್ತಿರಲಿಲ್ಲ. ಬದುಕು ದಶಕಗಳಿಗೆ ಚಾಚಿದಾಗ, ರೋಗವು ನಿಧಾನವಾಗಿ ಮಾಡುವ ಹಾನಿಗಳೂ ಮೇಲೆ ಬಂದವು. ಕಣ್ಣು, ಮೂತ್ರಪಿಂಡ, ನರ - ಈ ಮೂರು ಆ ಹಾನಿಯ ಮುಖ್ಯ ನೆಲೆಗಳು.

ನರಗಳಿಗೆ ಆಗುವುದನ್ನು ತರಗತಿಯ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ರಕ್ತದಲ್ಲಿ ಹೆಚ್ಚಾಗಿ ನಿಂತ ಸಕ್ಕರೆಯು ನರದ ಎಳೆಗಳನ್ನೂ ಅವುಗಳಿಗೆ ಆಹಾರ ಒಯ್ಯುವ ಸೂಕ್ಷ್ಮ ರಕ್ತನಾಳಗಳನ್ನೂ ವರ್ಷಗಟ್ಟಲೆ ಕೆಡಿಸುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ಮೊದಲು ನೀರು ತಪ್ಪುವಂತೆ, ಅತಿ ಉದ್ದದ ನರಗಳ ತುದಿಗೆ ಮೊದಲು ಪೆಟ್ಟು. ಆದ್ದರಿಂದ ಜೋಮು ಪಾದದಲ್ಲಿ ತೊಡಗಿ ಮೇಲೇರುತ್ತದೆ; ಅದು ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಸಾಮಾನ್ಯವಾಗಿ ಕೈಬೆರಳಿನ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಬೆವರಿನ ಗ್ರಂಥಿಗಳನ್ನು ಆಳುವ ಸಣ್ಣ ನರಗಳೂ ಸೋತಾಗ ಬೆವರು ನಿಲ್ಲುತ್ತದೆ. ಬೆವರಿಲ್ಲದ ಚರ್ಮ ಬೇಸಗೆಯ ಕೆರೆಯಂಗಳದಂತೆ ಒಣಗಿ ಬಿರಿಯುತ್ತದೆ. ಹಾಗೆ ನೋಡಿದರೆ ಒಣಗಿದ ಚರ್ಮವೂ ಜೋಮೂ ಎಷ್ಟೋ ಸಲ ಒಂದೇ ಬೇರಿನ ಎರಡು ಕವಲುಗಳು.

ಇನ್ನು ಪಿಸುಮಾತಿನ ವಿಚಾರಕ್ಕೆ ಬರುತ್ತೇನೆ. ಒಣಗಿದ ಚರ್ಮ, ಸ್ಪರ್ಶ ತಿಳಿಯದ ಬೆರಳು, ಮಾಯದ ಗಾಯ - ಈ ಮೂರೂ ಒಟ್ಟಿಗೆ ಕಂಡಾಗ ನಮ್ಮ ಜನಕ್ಕೆ ಮೊದಲು ನೆನಪಾಗುತ್ತಿದ್ದುದು ಮಧುಮೇಹವಲ್ಲ, ಕುಷ್ಠ. ಹಿರಿಯರು ಆ ಹೆಸರನ್ನೂ ಎತ್ತದೆ 'ಮಹಾರೋಗ' ಎನ್ನುತ್ತಿದ್ದರು. ಅದು ಒಂದು ಸೂಕ್ಷ್ಮಾಣುವಿನಿಂದ ಬರುವುದೆಂದು ನಾರ್ವೆಯ ಹ್ಯಾನ್ಸೆನ್ 1873ರಲ್ಲಿಯೇ ಕಂಡುಕೊಂಡಿದ್ದರೂ, ಪಾಪದ ಫಲವೆಂಬ ನಂಬಿಕೆ ಊರುಗಳಲ್ಲಿ ಅಳಿಯಲಿಲ್ಲ. ರೋಗಿಯ ತಟ್ಟೆ ಲೋಟ ಬೇರೆ, ಗುಡಿಸಲು ಊರಾಚೆ. ಬ್ರಿಟಿಷ್ ಸರ್ಕಾರ 1898ರಲ್ಲಿ ಮಾಡಿದ ಕಾನೂನು, ದಿಕ್ಕಿಲ್ಲದ ಕುಷ್ಠರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡಲು ಅವಕಾಶ ಕೊಟ್ಟಿತ್ತು. ಜೋಮು ಹಿಡಿದ ಕೈಯನ್ನು ಸೆರಗಿನಲ್ಲಿ, ಟವೆಲಿನಲ್ಲಿ ಮುಚ್ಚಿಕೊಳ್ಳುವ ಅಭ್ಯಾಸದ ಹಿಂದೆ ಇಷ್ಟು ಹಳೆಯ ಭಯ ಕುಳಿತಿದೆ.

ಚರಿತ್ರೆಯ ವಿಚಿತ್ರವೆಂದರೆ, ಮಧುಮೇಹಿಗಳು ತಮ್ಮ ಕೈಕಾಲುಗಳನ್ನು ಕಾಪಾಡಿಕೊಳ್ಳಲು ಇಂದು ಅನುಸರಿಸುವ ವಿದ್ಯೆಯ ಬಹುಪಾಲು ಹುಟ್ಟಿದ್ದು ಹಾಗೆ ಊರಾಚೆ ಇಟ್ಟ ಜನರ ನಡುವೆಯೇ. ಅದೂ ದೂರದಲ್ಲಿ ಅಲ್ಲ. ನಮ್ಮ ಹಳೆಯ ಬಳ್ಳಾರಿ ಜಿಲ್ಲೆ 1800ರಲ್ಲಿ ನಿಜಾಮನಿಂದ ಕಂಪನಿಗೆ ಹೋಯಿತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಮದ್ರಾಸಿನ ಆಡಳಿತದಲ್ಲಿತ್ತು. ನಾನು ಈಗ ಹೇಳಹೊರಟ ಸಂಗತಿಗಳು ಮೊದಲಾದಾಗ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೂ ಆ ವೆಲ್ಲೂರು, ಚೆಂಗಲ್ಪಟ್ಟುಗಳೂ ಒಂದೇ ಪ್ರಾಂತ್ಯದ ಊರುಗಳು.

ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1914ರಲ್ಲಿ ತಮಿಳು ನಾಡಿನ ಕೊಲ್ಲಿ ಬೆಟ್ಟದಲ್ಲಿ, ಮಿಷನರಿ ದಂಪತಿಗಳ ಮಗನಾಗಿ ಹುಟ್ಟಿದವರು. ಇಂಗ್ಲೆಂಡಿನಲ್ಲಿ ಓದಿ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. 1947ರಲ್ಲಿ ಅವರು ಚೆಂಗಲ್ಪಟ್ಟಿನ ಕುಷ್ಠಧಾಮವನ್ನು ನೋಡಲು ಹೋದರು. ಅಲ್ಲಿನ ವೈದ್ಯ ರಾಬರ್ಟ್ ಕಾಕ್ರೇನ್ ಅವರು ಚರ್ಮದ ವಿಚಾರಗಳನ್ನು ವಿವರಿಸುತ್ತಿದ್ದಾಗ, ಬ್ರ್ಯಾಂಡ್ ಅವರ ಕಣ್ಣು ರೋಗಿಗಳ ಮುರುಟಿದ ಬೆರಳುಗಳ ಮೇಲಿತ್ತು. ಒಬ್ಬ ತರುಣನ ಕೈಯಲ್ಲಿ ತಮ್ಮ ಕೈಯಿಟ್ಟು ಬಲವಾಗಿ ಹಿಡಿಯುವಂತೆ ಕೇಳಿದರು. ಅವನ ಹಿಡಿತಕ್ಕೆ ಅವರಿಗೆ ನೋವಿನಿಂದ ಕೂಗುವಂತಾಯಿತು. ತಾನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೇನೆಂಬುದು ಅವನಿಗೆ ತಿಳಿದೇ ಇರಲಿಲ್ಲ. ಸತ್ತಿತೆಂದು ಕೈಬಿಟ್ಟ ಕೈಯಲ್ಲಿ ಬಲವುಳ್ಳ ಸ್ನಾಯುಗಳಿದ್ದವು! ಮರುವರ್ಷ, 1948ರಲ್ಲಿ, ಅಂಥ ಕೈಗಳ ಶಸ್ತ್ರಚಿಕಿತ್ಸೆ ವೆಲ್ಲೂರಿನಲ್ಲಿ ಆರಂಭವಾಯಿತು. ಚೆನ್ನಾಗಿರುವ ಸ್ನಾಯುವಿನ ತುದಿಯನ್ನು ಸೋತ ಬೆರಳಿಗೆ ಜೋಡಿಸಿ, ಮುಷ್ಟಿ ತೆರೆಯುವಂತೆ ಮಾಡಿದರು.

ಆದರೆ ನೇರವಾದ ಕೈಗಳಲ್ಲಿಯೂ ಮತ್ತೆ ಮತ್ತೆ ಗಾಯಗಳು ಕಾಣಿಸಿಕೊಳ್ಳತೊಡಗಿದವು. ರೋಗವೇ ಬೆರಳನ್ನು ತಿನ್ನುತ್ತದೆ, ಮಾಂಸವೇ ಕೆಟ್ಟದ್ದು ಎಂಬುದು ಅಂದಿನ ನಂಬಿಕೆ. ಬ್ರ್ಯಾಂಡ್ ಒಂದೊಂದು ಗಾಯದ ಹಿಂದೆಯೂ ಪತ್ತೇದಾರನಂತೆ ಹೊರಟರು. ಒಮ್ಮೆ ತುಕ್ಕು ಹಿಡಿದ ಬೀಗವನ್ನು ಅವರಿಂದ ತೆರೆಯಲಾಗಲಿಲ್ಲ. ಒಬ್ಬ ಹುಡುಗ ಬಂದು ಬೀಗದಕೈಯನ್ನು ಸಲೀಸಾಗಿ ತಿರುಗಿಸಿಬಿಟ್ಟ. ನೋಡಿದರೆ ಅವನ ಬೆರಳು ಎಲುಬು ಕಾಣುವಷ್ಟು ಸೀಳಿತ್ತು. ಅವನಿಗೆ ಅರಿವೇ ಇಲ್ಲ. ಕೆಲವರ ಬೆರಳು ರಾತ್ರಿ ಕಳೆದು ಬೆಳಗಾಗುವುದರಲ್ಲಿ ಮೊಟಕಾಗುತ್ತಿತ್ತು. ನಿದ್ದೆಯಲ್ಲಿದ್ದವರ ಬೆರಳುಗಳನ್ನು ಇಲಿಗಳು ಕಡಿಯುತ್ತಿದ್ದವು. ಪರಿಹಾರವಾಗಿ ರೋಗಿಗಳಿಗೆ ಬೆಕ್ಕುಗಳನ್ನು ಕೊಟ್ಟರು. ಬಿಸಿ ಪಾತ್ರೆ, ಒರಟು ಹಿಡಿಕೆ, ಕಲ್ಲು, ಮೊಳೆ - ಗಾಯಗಳ ಕಾರಣಗಳು ಹೀಗೆ ಒಂದೊಂದಾಗಿ ಬಯಲಾದವು. ರೋಗವು ನೋವನ್ನು ಕದಿಯುತ್ತದೆ, ನೋವಿಲ್ಲದ ಕೈಯನ್ನು ದಿನನಿತ್ಯದ ಕೆಲಸವೇ ಕೆಡಿಸುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಗಾಯವನ್ನು ತಡೆಯಬಹುದಾದರೆ ಬೆರಳನ್ನೂ ಉಳಿಸಬಹುದು. ನಾವೆಲ್ಲ ಶಾಪವೆಂದು ಬಗೆಯುವ ನೋವು ದೇಹದ ಕಾವಲುಗಾರ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಕುಷ್ಠರೋಗಿಗಳ ಪಾದಗಳಿಗಾಗಿ ವೆಲ್ಲೂರಿನ ಕಡೆ ರೂಪುಗೊಂಡ ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿಯನ್ನು ಮುಂದೆ ನಮ್ಮ ದೇಶದ ಮಧುಮೇಹಿಗಳೂ ಹಾಕಿಕೊಂಡರು. ಬ್ರ್ಯಾಂಡ್ 1966ರಲ್ಲಿ ಅಮೆರಿಕದ ಕಾರ್ವಿಲ್ ಎಂಬಲ್ಲಿನ ಕುಷ್ಠರೋಗಿಗಳ ಆಸ್ಪತ್ರೆಗೆ ಹೋದರು. ಮಧುಮೇಹಿಗಳ ಪಾದದ ಹುಣ್ಣಿಗೂ ಇದೇ ಕಾರಣವೆಂಬುದು ಅಲ್ಲಿ ಗಟ್ಟಿಯಾಯಿತು. ನೀವು ಶುಗರ್ ತಪಾಸಣೆಗೆ ಹೋದಾಗ ವೈದ್ಯರು ಒಂದು ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿ 'ಗೊತ್ತಾಗುತ್ತದೆಯೇ?' ಎಂದು ಕೇಳುವುದುಂಟಲ್ಲವೇ? ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಆ ಎಳೆಯ ಪರೀಕ್ಷೆಯೂ ಕಾರ್ವಿಲ್‌ನ ಕುಷ್ಠ ಚಿಕಿತ್ಸೆಯ ದಾರಿಯಿಂದಲೇ ಮಧುಮೇಹದ ವೈದ್ಯಕ್ಕೆ ಬಂದದ್ದು. ಬ್ರ್ಯಾಂಡ್ 2003ರಲ್ಲಿ ತೀರಿಕೊಂಡರು.

ಈ ಚರಿತ್ರೆಯನ್ನು ನಮ್ಮ ಅಡುಗೆಮನೆಗೂ ಹೊಲಕ್ಕೂ ತರೋಣ. ನಮ್ಮ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿದು, ಕಾದ ಹಂಚಿನ ಮೇಲೆ ಹಾಕಿ, ನೀರು ಸವರಿ, ಬರಿಗೈಯಲ್ಲೇ ತಿರುವಿಹಾಕುತ್ತಾರೆ. ಸ್ಪರ್ಶ ಕುಂದಿದ ಬೆರಳಿಗೆ ಹಂಚಿಗಿಂತ ದೊಡ್ಡ ಶತ್ರುವಿಲ್ಲ. ಚರ್ಮ ಸುಟ್ಟ ಮೇಲೂ ಅದು ಹೇಳುವುದಿಲ್ಲ. ಶೇಂಗಾ ಸುಲಿಯುವಾಗಲೂ ಕುಡುಗೋಲಿನ ಹಿಡಿಯನ್ನು ದಿನವಿಡೀ ಬಿಗಿಹಿಡಿದಾಗಲೂ ಇದೇ ಮಾತು. ಹಡಗಲಿಯ ಮಲ್ಲಿಗೆ ಕಟ್ಟುವ ಬೆರಳಿಗೆ ದಾರ ಕೊಯ್ದದ್ದು ತಿಳಿಯದೆ ಹೋಗಬಹುದು. ಚುಚ್ಚುಗ, ಇಕ್ಕಳ, ದಪ್ಪ ಬಟ್ಟೆಗಳನ್ನು ಬಳಸುವುದರಲ್ಲಿ ಅಗೌರವವೇನೂ ಇಲ್ಲ. ನೀರಿನ ಬಿಸಿಯನ್ನು ಬೆರಳಿನಿಂದಲ್ಲ, ಮೊಣಕೈಯಿಂದ ಅಥವಾ ಮನೆಯವರಿಂದ ಪರೀಕ್ಷಿಸಿಕೊಳ್ಳಿರಿ. ದಿನಕ್ಕೊಮ್ಮೆ, ಬೆಳಕಿನಲ್ಲಿ ಕುಳಿತು, ಎರಡೂ ಅಂಗೈಗಳನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಿರಿ. ನೋವು ಬಿಟ್ಟುಹೋದ ಕಾವಲನ್ನು ಇನ್ನು ಕಣ್ಣು ವಹಿಸಿಕೊಳ್ಳಬೇಕು.

ಒಣಚರ್ಮಕ್ಕೆ ಕುಷ್ಠಧಾಮಗಳ ಉಪಾಯ ಬಲು ಸರಳ: ನೀರಿನಲ್ಲಿ ನೆನೆಸು, ಎಣ್ಣೆ ಸವರು. ಎಣ್ಣೆ ತಾನಾಗಿ ಚರ್ಮಕ್ಕೆ ನೀರು ಕೊಡುವುದಿಲ್ಲ, ಹೀರಿದ ನೀರನ್ನು ಹೊರಗೆ ಬಿಡದೆ ಹಿಡಿಯುತ್ತದೆ. ಆದ್ದರಿಂದ ಒದ್ದೆ ಕೈಯನ್ನು ಮೆಲ್ಲಗೆ ಒತ್ತಿ ಒರೆಸಿ, ತೇವವಾರುವ ಮುನ್ನವೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರಬೇಕು. ಮಧುಮೇಹಿಗಳು ಪಾದಗಳನ್ನು ಬಹುಹೊತ್ತು ನೆನೆಸುವುದನ್ನು ವೈದ್ಯರು ಒಪ್ಪುವುದಿಲ್ಲ. ಬೆರಳ ಸಂದಿನಲ್ಲಿ ತೇವ ನಿಂತರೆ ಬೂಷ್ಟು ಬೆಳೆಯುತ್ತದೆ. ಜಡ್ಡನ್ನು ಬ್ಲೇಡಿನಿಂದ ಕೆತ್ತಬೇಡಿರಿ. ಪಾತ್ರೆ ಬಟ್ಟೆಗಳ ಸೋಪಿನ ಪುಡಿಗೆ ಬರಿಗೈ ಒಡ್ಡಬೇಡಿರಿ.

ಕೈಯ ಎಲ್ಲ ತೊಂದರೆಯೂ ಒಂದೇ ಬಗೆಯದಲ್ಲವೆಂಬುದನ್ನೂ ನೆನಪಿಡಬೇಕು. ಪಾದ ಚೆನ್ನಾಗಿದ್ದು, ಹೆಬ್ಬೆರಳು, ತೋರುಬೆರಳು, ನಡುಬೆರಳು ಮಾತ್ರ ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಅದು ಮಧುಮೇಹಿಗಳಲ್ಲಿ ಹೆಚ್ಚು, ಅದಕ್ಕೆ ಬೇರೆ ಚಿಕಿತ್ಸೆಯಿದೆ. ಕೈಜೋಡಿಸಿ ನಮಸ್ಕರಿಸುವಾಗ ಬೆರಳುಗಳು ಒಂದಕ್ಕೊಂದು ಕೂಡದೆ ನಡುವೆ ಸಂದು ಉಳಿದರೆ, ಕೀಲುಗಳು ಬಿಗಿಯುತ್ತಿವೆಯೆಂದು ವೈದ್ಯರು ತಿಳಿಯುತ್ತಾರೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗಿದವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಿಯೂ ಜೋಮು ಬರುವುದುಂಟು. ಒಂದು ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬಾರದು. ಇನ್ನು ಮೂಲದ ಮಾತು ಸಕ್ಕರೆಯ ಹತೋಟಿ. ಎಳವೆಯಿಂದಲೇ ಇನ್ಸುಲಿನ್ ಬೇಕಾಗುವ ಬಗೆಯ 1441 ಮಧುಮೇಹಿಗಳ ಮೇಲೆ ಅಮೆರಿಕ, ಕೆನಡಾಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಗಿಯಾದ ಹತೋಟಿಯಿಂದ ನರಹಾನಿಯ ಸಂಭವ ಶೇಕಡಾ 60ರಷ್ಟು ತಗ್ಗಿತು. ನಮ್ಮಲ್ಲಿ ಹೆಚ್ಚಾಗಿರುವ, ನಡುವಯಸ್ಸಿನ ಬಗೆಯಲ್ಲಿ ಲಾಭ ಅಷ್ಟು ದೊಡ್ಡದಲ್ಲ. ಅಲ್ಲಿ ರಕ್ತದೊತ್ತಡ, ತೂಕ, ಬೀಡಿ ಸಿಗರೇಟುಗಳ ಕಡೆಗೂ ಗಮನ ಬೇಕು.

ಇಷ್ಟಾದರೂ 'ಇದು ಆ ರೋಗವಿರಬಹುದೇ?' ಎಂಬ ಅಳುಕು ಯಾರಿಗಾದರೂ ಉಳಿದರೆ, ಅದಕ್ಕೂ ಉತ್ತರವಿದೆ: ತೋರಿಸಿಕೊಳ್ಳಿರಿ. ಸ್ಪರ್ಶವಿಲ್ಲದ ಬಿಳಿಚಿದ ಅಥವಾ ಕೆಂಪು ಮಚ್ಚೆ ಕುಷ್ಠದ ಲಕ್ಷಣವಾಗಿರಬಹುದು. ಬಹುಔಷಧ ಚಿಕಿತ್ಸೆಯಿಂದ ಅದು ಪೂರ್ತಿ ಗುಣವಾಗುತ್ತದೆ, ಆ ಔಷಧ ಸರ್ಕಾರದಿಂದ ಉಚಿತ. 1898ರ ಕಾನೂನನ್ನು 2016ರಲ್ಲಿ ರದ್ದುಮಾಡಲಾಯಿತು. ಕುಷ್ಠವು ವಿಚ್ಛೇದನಕ್ಕೆ ಕಾರಣವೆಂಬ ಅಂಶವನ್ನು 2019ರಲ್ಲಿ ವೈಯಕ್ತಿಕ ಕಾನೂನುಗಳಿಂದ ತೆಗೆಯಲಾಯಿತು. ಮುಚ್ಚಿಟ್ಟುಕೊಳ್ಳಲು ಇನ್ನು ಯಾವ ಕಾರಣವೂ ಉಳಿದಿಲ್ಲ.

ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವಿರುವ ಸ್ಮಾರಕವನ್ನು ನೀವೆಲ್ಲ ನೋಡಿದ್ದೀರಿ. ಸೇವಾಗ್ರಾಮದಲ್ಲಿ ಪರಚುರೆ ಶಾಸ್ತ್ರಿಗಳೆಂಬ ಸಂಸ್ಕೃತ ವಿದ್ವಾಂಸರಿಗೆ ಕುಷ್ಠವಿದ್ದಾಗ, ಆಶ್ರಮದಲ್ಲೇ ಅವರನ್ನು ಇರಿಸಿಕೊಂಡು ತಮ್ಮ ಕೈಯಾರೆ ಎಣ್ಣೆ ತಿಕ್ಕಿದವರು ಆ ಗಾಂಧೀಜಿ. ಅವರು ಹುತಾತ್ಮರಾದ ಜನವರಿ 30ನ್ನು ನಮ್ಮ ದೇಶದಲ್ಲಿ ಕುಷ್ಠರೋಗ ನಿವಾರಣೆಯ ದಿನವಾಗಿ ಆಚರಿಸುತ್ತಾರೆ. ನಮ್ಮ ಬೆರಳುಗಳನ್ನು ಉಳಿಸುವ ವಿದ್ಯೆಯನ್ನು ತಮ್ಮ ಬೆರಳುಗಳನ್ನು ಕಳೆದುಕೊಂಡು ಕಲಿಸಿದವರು, ನಾವು ಊರಾಚೆ ಇಟ್ಟ ಜನ. ಆ ಋಣ ನಮ್ಮ ಮೇಲಿದೆ. ಅದನ್ನು ತೀರಿಸುವ ಮೊದಲ ಕಂತೆಂದರೆ, ಜೋಮು ಹಿಡಿದ ಕೈಯನ್ನು ನಾಚದೆ ವೈದ್ಯರ ಮುಂದೆ ಚಾಚುವುದು. ಎರಡನೆಯದು, ಅಂಥ ಕೈಯನ್ನು ಅಳುಕದೆ ಹಿಡಿದುಕೊಳ್ಳುವುದು.

ನಿಮ್ಮೆಲ್ಲರ ಆರೋಗ್ಯವನ್ನು ಹಾರೈಸುವ,
ನಿಮ್ಮ ಮೇಷ್ಟರು